ಮಿರ್ಗಕ್ಕೆ ಬೀಜ, ಎಳ್ಳ ಅಮಾವಾಸ್ಯೆಗೆ ಹಣ್ಣು: ಹಿತ್ತಲಲ್ಲಿ ಕುಂಬಳಕಾಯಿ ಬೆಳೆಯುವ ಬಗೆ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಸಂಜೆ ವಿಜಯಪುರದ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುವುದಿಲ್ಲ. ಒಳಕೋಣೆಯ ಹಲಗೆಯ ಮೇಲಿಂದ ಒಂದು ಕುಂಬಳಕಾಯಿ ಇಳಿಸುತ್ತೇವೆ. ಒದ್ದೆ ಅರಿವೆಯಿಂದ ಒರೆಸಿ, ಈಳಿಗೆಯ ಮುಂದೆ ಕೂತು ಹೋಳು ಮಾಡುತ್ತೇವೆ. ಮರುದಿನ ಹೊಲದಲ್ಲಿ ಚರಗ ಚೆಲ್ಲಬೇಕಲ್ಲ, ಅಂದರೆ ಭೂತಾಯಿಗೆ ಎಡೆ ಕೊಡಬೇಕಲ್ಲ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಇರುತ್ತವೆ. ಅವುಗಳ ಜೊತೆ ಕುಂಬಳಕಾಯಿ ಪಲ್ಯ ಮತ್ತು ಗಾರಿಗೆ ಇಲ್ಲದಿದ್ದರೆ ನಮ್ಮ ಅವ್ವನಿಗೆ ಹಬ್ಬ ಹಬ್ಬವೇ ಅಲ್ಲ.

ಮೊದಲು ಆ ಕಾಯಿ ಸಂತೆಯಿಂದ ಬರುತ್ತಿತ್ತು. ಈಗ ಹಿತ್ತಲಿಂದ ಬರುತ್ತದೆ. ಜೂನ್‌ನಲ್ಲಿ ಮಿರ್ಗದ (ಮೃಗಶಿರಾ) ಮಳೆಗೆ ಬೀಜ ಹಾಕಿದ್ದು, ಅಕ್ಟೋಬರ್‌ನಲ್ಲಿ ಕೊಯ್ದದ್ದು, ಡಿಸೆಂಬರ್ ಕೊನೆಗೆ ಕತ್ತರಿಸಿದರೂ ತಿರುಳು ಅರಿಸಿನದಷ್ಟು ಬಣ್ಣ ಇಟ್ಟುಕೊಂಡಿರುತ್ತದೆ. ಹೀಗೆ ಉಳಿಯುವ ಕಾಯಿ ಬೇಕೆಂದರೆ ಮೂರು ವೇಳೆ ತಪ್ಪಿಸಬಾರದು ಅಂತ ನಾನು ಕಲಿತಿದ್ದೇನೆ. ಬೀಜ ಹಾಕುವ ವೇಳೆ, ಹೂವು ಅರಳುವ ವೇಳೆ, ಕಾಯಿ ಕೊಯ್ಯುವ ವೇಳೆ. ಉಳಿದ ಕೆಲಸದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಕುಂಬಳದ ಬಳ್ಳಿ ಸಹಿಸಿಕೊಳ್ಳುತ್ತದೆ.

ಯಾವ ಕುಂಬಳ?

ಇಲ್ಲಿ ಹೇಳುತ್ತಿರುವುದು ಸಿಹಿಗುಂಬಳದ ಮಾತು. ಬೆಳಗಾವಿ ಕಡೆ ಮರಾಠಿ ಮಾತಾಡುವವರು ಭೋಪಳಾ ಅನ್ನುತ್ತಾರೆ, ದಕ್ಷಿಣದ ಕಡೆ ಕೆಲವರು ಚೀನಿಕಾಯಿ ಅನ್ನುತ್ತಾರೆ. ಆಯುಧ ಪೂಜೆಗೆ ಒಡೆಯುವ, ಮೈಮೇಲೆ ಬೂದಿ ಬಳಿದಂತಿರುವ ಬೂದುಗುಂಬಳ ಬೇರೆಯೇ ಗಿಡ. ಅದು ಏಷ್ಯಾದ್ದು. ಸಿಹಿಗುಂಬಳದ ಮೂಲ ಅಮೆರಿಕ ಖಂಡ.

ಇಂಗ್ಲಿಷ್‌ನಲ್ಲಿ ಇದೇ ಕುಲದ ಕಾಯಿಗಳಿಗೆ ವಿಂಟರ್ ಸ್ಕ್ವಾಶ್ ಅನ್ನುತ್ತಾರೆ. ಹೆಸರು ಕೇಳಿ ಚಳಿಗಾಲದಲ್ಲಿ ಬೆಳೆಯುವುದು ಅಂದುಕೊಂಡವರನ್ನು ನೋಡಿದ್ದೇನೆ. ಹಾಗಲ್ಲ. ಬೇಸಿಗೆಯಲ್ಲಿ ಬೆಳೆದು, ತೊಗಲು ಬಲಿಸಿ, ಚಳಿಗಾಲ ಮುಗಿಯುವವರೆಗೆ ಇಟ್ಟುಕೊಂಡು ತಿನ್ನುವ ಕಾಯಿ ಅಂತ ಆ ಹೆಸರು. ಎಳೆಯದರಲ್ಲೇ ಕೊಯ್ದು ತಿನ್ನುವ ಜುಕಿನಿಯಂಥವು ಸಮ್ಮರ್ ಸ್ಕ್ವಾಶ್. ನಮ್ಮ ಸಂತೆಯ ಕುಂಬಳ, ಈಗ ಊರೂರಿಗೆ ಬಂದಿರುವ ಉದ್ದ ಕುತ್ತಿಗೆಯ ಬಟರ್‌ನಟ್, ಎರಡೂ ಇಟ್ಟು ತಿನ್ನುವ ಜಾತಿಯವೇ.

ಮನೆ ಹಿತ್ತಲಿಗೆ ಸಣ್ಣ ಕಾಯಿಯ ತಳಿ ಒಳ್ಳೆಯದು. ಹತ್ತು ಕಿಲೋ ಕಾಯಿ ಕತ್ತರಿಸಿದರೆ ಓಣಿಗೆಲ್ಲ ಹಂಚಬೇಕಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ನನಗೆ ಬಹಳ ಇಷ್ಟ. ಕಾಯಿ 2ರಿಂದ 3 ಕಿಲೋ ತೂಗುತ್ತದೆ, ತಿರುಳು ಕಿತ್ತಳೆ ಬಣ್ಣ, ಸಿಹಿ ಚೆನ್ನಾಗಿದೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಸುಮಾರು ಒಂದು ಕಿಲೋ. ಹಂದರಕ್ಕೆ ಹಬ್ಬಿಸುವವರಿಗೆ ಅದು ಅನುಕೂಲ. ಬಟರ್‌ನಟ್ ಕೂಡ ಒಂದು ಕಿಲೋ ಆಸುಪಾಸು. ಅದರ ಕುತ್ತಿಗೆಯ ಪೂರ್ತಿ ತಿರುಳೇ ಇರುತ್ತದೆ, ಬೀಜ ಕೆಳಗಿನ ಉಬ್ಬಿದ ಭಾಗದಲ್ಲಿ ಮಾತ್ರ.

ಊರಲ್ಲಿ ಯಾರದಾದರೂ ಮನೆಯಲ್ಲಿ ವರ್ಷವರ್ಷ ಬೆಳೆಯುವ ನಾಟಿ ಬೀಜ ಇದ್ದರೆ ಅದನ್ನೇ ಕೇಳಿ ತೆಗೆದುಕೊಳ್ಳಿ. ಈ ಬಿಸಿಲು, ಈ ನೀರು ಅದಕ್ಕೆ ರೂಢಿಯಾಗಿರುತ್ತದೆ.

ಬೀಜ ಯಾವಾಗ ಹಾಕಬೇಕು

ಮೊದಲ ವರ್ಷ ನಾನು ಫೆಬ್ರವರಿ ಕೊನೆಗೆ ಬೀಜ ಹಾಕಿದ್ದೆ. ಬಳ್ಳಿ ಚೆನ್ನಾಗಿಯೇ ಹಬ್ಬಿತು. ಏಪ್ರಿಲ್‌ನಲ್ಲಿ ದಿನಾ ಹತ್ತು ಹದಿನೈದು ಹೂವು. ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ. ಹೆಬ್ಬೆರಳಿನಷ್ಟು ಆಗುವುದು, ಹಳದಿ ತಿರುಗಿ ಉದುರುವುದು. ಕಾರಣ ಬಿಸಿಲು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಅಷ್ಟು ಕಾವಿನಲ್ಲಿ ಬಳ್ಳಿ ಗಂಡು ಹೂವನ್ನೇ ಜಾಸ್ತಿ ಬಿಡುತ್ತದೆ, ಪರಾಗವೂ ಸತ್ವ ಕಳೆದುಕೊಳ್ಳುತ್ತದೆ.

ಅದಕ್ಕೇ ಬೀಜಕ್ಕೆ ಮಿರ್ಗ ಒಳ್ಳೆಯದು. ಜೂನ್ 7-8ಕ್ಕೆ ಮೃಗಶಿರಾ ಮಳೆ ಶುರು. ಒಂದೆರಡು ಹದ ಮಳೆ ಬಿದ್ದು ನೆಲದ ಕಾವು ಇಳಿದ ಮೇಲೆ, ಜೂನ್ ಮಧ್ಯದಿಂದ ಜುಲೈ ಮೊದಲ ವಾರದೊಳಗೆ ಬೀಜ ಹಾಕಿ. ಲೆಕ್ಕ ಹೀಗೆ: ಬೀಜ ಹಾಕಿದ 40-45 ದಿನಕ್ಕೆ ಗಂಡು ಹೂವು, ಮುಂದೆ ಒಂದು ವಾರ ಹತ್ತು ದಿನಕ್ಕೆ ಹೆಣ್ಣು ಹೂವು. ಅಂದರೆ ಆಗಸ್ಟ್‌ನಲ್ಲಿ ಕಾಯಿ ಕಚ್ಚುತ್ತದೆ. ಆಗ ಹವೆ ತಂಪಾಗಿರುತ್ತದೆ, ಜೇನು ಓಡಾಡುತ್ತವೆ. ಕಚ್ಚಿದ ಕಾಯಿ ಬಲಿಯಲು 45ರಿಂದ 60 ದಿನ ಬೇಕು. ಅಕ್ಟೋಬರ್‌ಗೆ ಕೊಯ್ಲು.

ಮಿರ್ಗ ತಪ್ಪಿದರೆ ಆಗಸ್ಟ್ ಕೊನೆಗೆ ಇನ್ನೊಂದು ಅವಕಾಶ ಇದೆ. ಆದರೆ ಆ ಬಳ್ಳಿ ಚಳಿಯಲ್ಲಿ ನಿಧಾನವಾಗುತ್ತದೆ, ಬೂದಿ ರೋಗಕ್ಕೂ ಬೇಗ ಸಿಗುತ್ತದೆ. ಬಾವಿ ನೀರು ಧಾರಾಳ ಇದ್ದವರು ಜನವರಿಯಲ್ಲಿ ಹಾಕಿ ಮಾರ್ಚ್ ಒಳಗೆ ಕಾಯಿ ಕಚ್ಚಿಸಿಕೊಳ್ಳಬಹುದು. ಫೆಬ್ರವರಿ ಮಾತ್ರ ಬೇಡ.

ಕುಣಿ ತೆಗೆಯುವುದು

ಜಾಗ ಮೊದಲು ನೋಡಿ. ದಿನಕ್ಕೆ ಆರು ತಾಸು ನೇರ ಬಿಸಿಲು ಬೀಳಬೇಕು. ಒಂದು ಬಳ್ಳಿಗೆ ಆರರಿಂದ ಎಂಟು ಅಡಿ ಜಾಗ ಬೇಕು. ನಾಲ್ಕೈದು ಜನರ ಮನೆಗೆ ಎರಡು ಕುಣಿ ಸಾಕು.

ಕುಣಿಯನ್ನು ಮೇ ತಿಂಗಳಲ್ಲೇ ತೆಗೆದಿಡಿ. ಒಂದೂವರೆ ಅಡಿ ಉದ್ದ, ಅಗಲ, ಆಳ. ಹದಿನೈದು ದಿನ ಬಿಸಿಲಿಗೆ ಬಾಯಿ ತೆರೆದುಕೊಂಡಿರಲಿ. ಮಣ್ಣೊಳಗೆ ಅಡಗಿದ ಹುಳದ ಕೋಶಗಳು ಅಲ್ಲೇ ಸಾಯುತ್ತವೆ. ಆಮೇಲೆ ಮೇಲ್ಮಣ್ಣಿನ ಜೊತೆ ಎರಡು ಬುಟ್ಟಿ, ಅಂದರೆ 8-10 ಕಿಲೋ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ತುಂಬಿ. ಕಾಲು ಕಿಲೋ ಬೇವಿನ ಹಿಂಡಿ ಸೇರಿಸಿ. ಹಸಿ ಹೆಂಡಿ ಹಾಕಬೇಡಿ. ಅದು ಕಳಿಯುವಾಗ ಕಾವು ಏರಿ ಎಳೆ ಬೇರು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ.

ನಮ್ಮ ಕಡೆಯ ಎರೆ (ಕಪ್ಪು) ಮಣ್ಣಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಡೋಣಿ (ಇಲ್ಲಿಯ ಹೊಳೆ) ಹರಿದರೆ ಓಣಿಯೆಲ್ಲ ಜೋಳ ಅಂತ ಹಾಡಿಸಿಕೊಂಡ ಮಣ್ಣು ಇದು. ಸತ್ವಕ್ಕೆ ಕೊರತೆ ಇಲ್ಲ. ಆದರೆ ನೀರು ಹಿಡಿದರೆ ಬಿಡುವುದಿಲ್ಲ. ವಿಜಯಪುರದಲ್ಲಿ ವರ್ಷದ ಮಳೆ ಕಡಿಮೆ, ಅದರಲ್ಲಿ ಬೇರೆ ಎಲ್ಲ ತಿಂಗಳಿಗಿಂತ ಜಾಸ್ತಿ ಸೆಪ್ಟೆಂಬರ್‌ನಲ್ಲಿ ಸುರಿಯುತ್ತದೆ. ಕುಣಿ ನೆಲಮಟ್ಟಕ್ಕೆ ಇದ್ದರೆ ಆ ತಿಂಗಳಲ್ಲಿ ಬೇರು ಕೊಳೆಯುತ್ತದೆ. ಅದಕ್ಕೆ ಕುಣಿ ತುಂಬಿದ ಮೇಲೆ ಅದರ ಮೇಲೆ ಒಂದು ಗೇಣು ಎತ್ತರದ ದಿಬ್ಬ ಮಾಡಿ, ದಿಬ್ಬದ ನೆತ್ತಿಯಲ್ಲಿ ಬೀಜ ಹಾಕಿ. ಎರಡನೆಯ ಮಾತು ಒಲೆ ಬೂದಿಯದು. ಎರೆ ಮಣ್ಣು ಮೊದಲೇ ಕ್ಷಾರದ ಕಡೆ ವಾಲಿರುತ್ತದೆ, ಬೂದಿಯೂ ಕ್ಷಾರವೇ. ಎಲೆ ಮೇಲೆ ಚಿಟಿಕೆ ಉದುರಿಸುವುದು ಬೇರೆ, ಬುಟ್ಟಿಗಟ್ಟಲೆ ಕುಣಿಗೆ ಸುರಿಯಬೇಡಿ.

ಬೆಳಗಾವಿ, ಖಾನಾಪುರದ ಕಡೆಯವರಿಗೆ ಮಳೆಯೇ ಬೇರೆ. ಅಲ್ಲಿ ದಿಬ್ಬ ಒಂದು ಮೊಳ ಎತ್ತರ ಇರಲಿ, ಬಳ್ಳಿಯನ್ನು ಹಂದರಕ್ಕೇ ಹಬ್ಬಿಸಿ. ಮಸಾರಿ (ಕೆಂಪು) ಮಣ್ಣು ಇದ್ದವರು ಗೊಬ್ಬರ ಒಂದು ಬುಟ್ಟಿ ಹೆಚ್ಚಿಗೆ ಹಾಕಿ.

ಹಿತ್ತಲು ಇಲ್ಲದವರು ಮಾಳಿಗೆ ಮೇಲೆ 50-60 ಲೀಟರ್‌ನ ಡ್ರಮ್ಮಿನಲ್ಲಿ ಒಂದು ಬಳ್ಳಿ ಬೆಳೆಸಬಹುದು. ಬಟರ್‌ನಟ್ ಅಥವಾ ಸೂರ್ಯಮುಖಿ ಮಾತ್ರ. ತಳಕ್ಕೆ ನಾಲ್ಕು ತೂತು ಮರೆಯಬೇಡಿ.

ಬೀಜ ಮೊಳೆಯುವವರೆಗೆ

ಬೀಜವನ್ನು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ತೆಗೆದು ಒಂದು ಕುಣಿಗೆ ನಾಲ್ಕು ಬೀಜ, ಒಂದಕ್ಕೊಂದು ಗೇಣು ಅಂತರ, ಒಂದು ಅಂಗುಲ ಆಳ. ಐದರಿಂದ ಏಳು ದಿನಕ್ಕೆ ಮೊಳೆಯುತ್ತವೆ. ಮೂರು ಎಲೆ ಬಂದ ಮೇಲೆ ಗಟ್ಟಿಯಾದ ಎರಡು ಸಸಿ ಉಳಿಸಿ, ಉಳಿದವನ್ನು ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಕುಂಬಳಕ್ಕೆ ಬೇರು ಮುಟ್ಟಿದರೆ ಆಗಿಬರುವುದಿಲ್ಲ. ಅದಕ್ಕೇ ಸಸಿ ಮಾಡಿ ನಾಟಿ ಮಾಡುವುದಕ್ಕಿಂತ ನೇರ ಬೀಜ ಹಾಕುವುದೇ ವಾಸಿ.

ಬೋರಿನ ನೀರು ಸವಳು ಇದ್ದರೆ ಈ ಎರಡು ವಾರ ಅದನ್ನು ಹಾಕಬೇಡಿ. ನೀರು ಆರಿದ ಮೇಲೆ ಮಣ್ಣಿನ ಮೇಲೆ ಬಿಳಿ ಪೊರೆ ಕೂರುತ್ತಿದ್ದರೆ ಅದೇ ಗುರುತು. ಎಳೆ ಮೊಳಕೆ ಉಪ್ಪು ತಡೆಯುವುದಿಲ್ಲ. ಮಾಳಿಗೆ ಮೇಲಿನ ಮಳೆ ನೀರನ್ನು ಎರಡು ಕೊಡ ಹಿಡಿದಿಟ್ಟುಕೊಂಡರೆ ಅಷ್ಟೇ ಸಾಕಾಗುತ್ತದೆ.

ನೀರು, ಗೊಬ್ಬರ, ಬಳ್ಳಿಯ ಹಾದಿ

ಜುಲೈನಲ್ಲಿ ನಮ್ಮ ಕಡೆ ಮಳೆ ಕೈಕೊಡುವುದು ಹೊಸದೇನಲ್ಲ. ಅದಕ್ಕೆ ನಾನು ಕುಣಿಯ ಪಕ್ಕ ಒಂದು ಮಣ್ಣಿನ ಗಡಿಗೆ ಹೂಳುತ್ತೇನೆ. ಬಣ್ಣ, ಹೊಳಪು ಏನೂ ಇಲ್ಲದ ಸಾದಾ ಗಡಿಗೆ. ಕುತ್ತಿಗೆವರೆಗೆ ಹೂತು, ನೀರು ತುಂಬಿಸಿ, ಬಾಯಿಗೆ ಒಂದು ಮುಚ್ಚಳ. ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಬೇರು ತಾನಾಗಿಯೇ ಅತ್ತ ಕಡೆ ಹೋಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಆಯಿತು. ಸುತ್ತ ಒಣ ಎಲೆ, ಹೊಟ್ಟು ಹರಡಿ. ಎರೆ ಮಣ್ಣು ಬಿರುಕು ಬಿಡುವುದು ಅದರಿಂದಲೇ ತಪ್ಪುತ್ತದೆ.

ಮಧ್ಯಾಹ್ನ ಎಲೆ ಬಾಡಿದ್ದು ನೋಡಿ ಗಾಬರಿಯಾಗಿ ನೀರು ಸುರಿಯಬೇಡಿ. ಬಿಸಿಲಿಗೆ ದೊಡ್ಡ ಎಲೆ ಹಾಗೆ ಜೋಲುತ್ತದೆ. ಸಂಜೆ ಎದ್ದು ನಿಂತರೆ ನೀರು ಸಾಕಷ್ಟಿದೆ ಅಂತ ಅರ್ಥ. ಬೆಳಿಗ್ಗೆಯೂ ಬಾಡಿದ್ದರೆ ಆಗ ನೀರು ಹಾಕಿ. ಎಲೆ ಮೇಲೆ ಬೇಡ, ಬುಡಕ್ಕೆ.

ಗೊಬ್ಬರ ಬೀಜ ಹಾಕಿ ಒಂದು ತಿಂಗಳಾದಾಗ ಒಮ್ಮೆ, ಹೂ ಬಿಡುವಾಗ ಇನ್ನೊಮ್ಮೆ, ಬುಡಕ್ಕೆ ಒಂದೊಂದು ಕಿಲೋ ಎರೆಹುಳು ಗೊಬ್ಬರ. ಯೂರಿಯಾ ಹಾಕಿದರೆ ಬಳ್ಳಿ ಕಣ್ಣಿಗೆ ಹಬ್ಬ, ಆದರೆ ಬರೀ ಎಲೆ, ಬರೀ ಗಂಡು ಹೂವು.

ಬಳ್ಳಿ ನೆಲದ ಮೇಲೆ ಹರಿಯುವಾಗ ಅಲ್ಲಲ್ಲಿ ಗಿಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ. ಅಲ್ಲಿಯೂ ಬೇರು ಬಿಡುತ್ತದೆ. ಬುಡಕ್ಕೆ ಏನಾದರೂ ಪೆಟ್ಟಾದರೆ ಈ ಬೇರುಗಳೇ ಕಾಯಿ ಸಾಕುತ್ತವೆ. ಹಂದರ ಹಾಕುವವರು ಗಟ್ಟಿ ಬಿದಿರು, ಸುತಳಿ ಬಳಸಿ. ಕಾಯಿ ಮುಷ್ಟಿಗಿಂತ ದೊಡ್ಡದಾದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ತೊಟ್ಟಿಲು ಕಟ್ಟಿ ಹಂದರಕ್ಕೆ ನೇತುಹಾಕಿ. ಬಳ್ಳಿಗೆ ಕಾಯಿ ಭಾರವೇ ಅನ್ನುತ್ತಾರೆ. ಎರಡು ಕಿಲೋ ಮೇಲಿನ ಕಾಯಿ ಹಂದರದಲ್ಲಿ ನಿಜಕ್ಕೂ ಭಾರ. ದೊಡ್ಡ ಕಾಯಿಯ ತಳಿ ನೆಲದ ಮೇಲೇ ಇರಲಿ.

ಹೂವು ಅರಳುವ ಹೊತ್ತು

ಹೋದ ವರ್ಷ ಆಗಸ್ಟ್‌ನಲ್ಲಿ ಪಕ್ಕದ ಮನೆಯ ಕಾಕು ಗೋಡೆ ಆಚೆಯಿಂದ ಕೂಗಿದರು. "ಯವ್ವಾ, ಹೂ ನೋಡಿದ್ರ ಬಳ್ಳಿ ತುಂಬ ಅದಾವ. ಕಾಯಿ ಒಂದೂ ನಿಂದರವಲ್ದು. ಏನ್ ಹಾಕ್ಲಿ ಇದಕ್ಕ?"

"ಏನೂ ಹಾಕಬ್ಯಾಡ್ರಿ ಕಾಕು. ನಾಳಿ ಮುಂಜಾನೆ ಆರಕ್ಕ ಬರ್ತೀನಿ," ಅಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಎರಡು ಹೆಣ್ಣು ಹೂವು ಅರಳಿದ್ದವು. ಒಂದು ಜೇನೂ ಇರಲಿಲ್ಲ. ಅವರ ಮನೆಯ ಪಕ್ಕ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿದ್ದ ದೊಡ್ಡ ಬೇವಿನ ಮರ, ಅದರಲ್ಲಿದ್ದ ಜೇನುಗೂಡು, ಎರಡೂ ಹೋಗಿದ್ದವು.

ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ, ಆದರೆ ಒಂದೇ ಬಳ್ಳಿಯಲ್ಲಿ. ಗಂಡು ಹೂವಿನದು ಉದ್ದನೆಯ ತೆಳು ತೊಟ್ಟು, ನಡುವೆ ಒಂದೇ ಹಳದಿ ಕೇಸರ. ಹೆಣ್ಣು ಹೂವಿನದು ಮೋಟು ತೊಟ್ಟು, ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ. ಒಳಗೆ ನೋಡಿದರೆ ಮೂರು ಹೋಳಾದ, ಅಂಟಂಟಾದ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಕಾಣುತ್ತದೆ. ಮೊದಲು ಬರುವುದು ಗಂಡು ಹೂವುಗಳೇ. ಒಂದು ವಾರ, ಹತ್ತು ದಿನ ಅವೇ ಬರುತ್ತವೆ, ಉದುರುತ್ತವೆ. ಅದಕ್ಕೆ ಚಿಂತೆ ಬೇಡ. ಬೇಕಾದರೆ ಅವನ್ನು ಕೊಯ್ದು ಕಡಲೆ ಹಿಟ್ಟಿನಲ್ಲಿ ಅದ್ದಿ ಭಜಿ ಮಾಡಿ. ಎರಡು ಮೂರು ಹೂವು ಮಾತ್ರ ಬಳ್ಳಿಯಲ್ಲಿ ಉಳಿಯಲಿ.

ಹೂವು ನಸುಕಿನಲ್ಲಿ ಅರಳಿ, ಬಿಸಿಲು ಏರುತ್ತಿದ್ದಂತೆ ಮುದುಡುತ್ತದೆ. ಮತ್ತೆ ಅರಳುವುದಿಲ್ಲ. ಆ ಮೂರು ನಾಲ್ಕು ತಾಸಿನಲ್ಲಿ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಬೇಕು. ಮುಟ್ಟದಿದ್ದರೆ ಕಾಯಿ ಉದುರುತ್ತದೆ. ಗೊಬ್ಬರದ ಕೊರತೆ ಅಂತ ಜನ ಮತ್ತೆ ಮತ್ತೆ ಗೊಬ್ಬರ ಹಾಕುತ್ತಾರೆ. ಎಷ್ಟೋ ಸಲ ಕೊರತೆ ಇರುವುದು ಜೇನಿನದು.

ಕೈಯಿಂದ ಪರಾಗ ಮುಟ್ಟಿಸುವುದು ಬಹಳ ಸುಲಭ. ಹಿಂದಿನ ಸಂಜೆಯೇ ಬಳ್ಳಿ ಸುತ್ತಿ ಬನ್ನಿ. ತುದಿ ಹಸಿರಿನಿಂದ ಹಳದಿಗೆ ತಿರುಗಿದ, ಉಬ್ಬಿದ ಮೊಗ್ಗು ಮರುದಿನ ಅರಳುತ್ತದೆ. ಬೆಳಿಗ್ಗೆ ಆರರಿಂದ ಎಂಟರ ಒಳಗೆ ಆಗ ತಾನೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತುಕೊಳ್ಳಿ. ಪಕಳೆ ಎಲ್ಲ ಹರಿದು ತೆಗೆಯಿರಿ. ಕೇಸರವನ್ನು ಬೆರಳಿಗೆ ಒಮ್ಮೆ ಮುಟ್ಟಿಸಿ ನೋಡಿ. ಅರಿಸಿನ ಪುಡಿ ಹತ್ತಿದಂತೆ ಹತ್ತಿದರೆ ಪರಾಗ ಪಕ್ವವಾಗಿದೆ. ಈಗ ಅದನ್ನು ಹೆಣ್ಣು ಹೂವಿನ ಒಳಗೆ ಇಳಿಸಿ, ಮೂರು ಹೋಳಿಗೂ ಮೆಲ್ಲಗೆ ಸವರಿ. ಕಣ್ಣಿಗೆ ಹಳದಿ ಪುಡಿ ಅಂಟಿದ್ದು ಕಾಣಬೇಕು. ಒಂದೇ ಹೋಳಿಗೆ ಮುಟ್ಟಿಸಿದರೆ ಕಾಯಿ ಸೊಟ್ಟ ಆಗುತ್ತದೆ. ಒಂದು ಗಂಡು ಹೂವು ಎರಡು ಹೆಣ್ಣು ಹೂವಿಗೆ ಸಾಲುತ್ತದೆ.

ಮಳೆ ಬರುವ ಲಕ್ಷಣ ಇದ್ದರೆ ಹಿಂದಿನ ಸಂಜೆಯೇ ಹೆಣ್ಣು ಮೊಗ್ಗಿಗೆ ಒಂದು ಪೇಪರ್ ಕಪ್ ಬೋರಲು ಹಾಕಿ, ಒಂದೆರಡು ಗಂಡು ಮೊಗ್ಗಿಗೂ ಹಾಕಿ. ನೆಂದ ಪರಾಗ ಕೆಲಸಕ್ಕೆ ಬರುವುದಿಲ್ಲ.

ನಾಲ್ಕನೆಯ ದಿನಕ್ಕೆ ಫಲ ಗೊತ್ತಾಗುತ್ತದೆ. ಕಾಯಿ ಊದಿಕೊಂಡು ತೊಟ್ಟು ಕೆಳಗೆ ಬಾಗಿದರೆ ಕಚ್ಚಿದೆ. ಕಾಕು ಮನೆಯ ಆ ಎರಡೂ ಹೂವು ಕಚ್ಚಿದವು. ಈಗ ಅವರು ನನಗಿಂತ ಮೊದಲೇ ಏಳುತ್ತಾರೆ.

ನೆಲದ ಬಳ್ಳಿಗೆ ದೊಡ್ಡ ಕಾಯಿಯ ತಳಿಯಾದರೆ ಎರಡು ಮೂರು, ಚಿಕ್ಕದಾದರೆ ನಾಲ್ಕೈದು ಕಾಯಿ ಸಾಕು. ಅಷ್ಟು ನಿಂತ ಮೇಲೆ ಬಳ್ಳಿಯ ಕುಡಿ ಚಿವುಟಿ. ಚಿವುಟಿದ ಎಳೆ ಕುಡಿ, ಎಲೆಗಳಿಂದ ಬೇಳೆ ಹಾಕಿ ಪಲ್ಯ ಮಾಡಬಹುದು.

ಹುಳ ಮತ್ತು ರೋಗ

ಮೊದಲ ಶತ್ರು ಕೆಂಪು ದುಂಬಿ. ಸಸಿ ಎರಡೆಲೆ ಇರುವಾಗಲೇ ಬಂದು ಎಲೆಯನ್ನು ಜರಡಿ ಮಾಡುತ್ತದೆ. ಮುಂಜಾನೆ ತಂಪಿನಲ್ಲಿ ಅದಕ್ಕೆ ಚುರುಕು ಇರುವುದಿಲ್ಲ. ಆಗ ಕೈಯಿಂದ ಹಿಡಿದು ಸೋಪಿನ ನೀರಿಗೆ ಹಾಕಿ. ಎಲೆ ಮೇಲೆ ಇಬ್ಬನಿ ಇರುವಾಗ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಹತ್ತಿರ ಬರುವುದು ಕಡಿಮೆ. ಮೊದಲ ಮೂರು ವಾರ ದಾಟಿದರೆ ಬಳ್ಳಿ ತನ್ನನ್ನು ತಾನು ನೋಡಿಕೊಳ್ಳುತ್ತದೆ.

ನಿಜವಾದ ನಷ್ಟ ಮಾಡುವುದು ಹಣ್ಣು ನೊಣ. ಎಳೆ ಕಾಯಿಗೆ ಚುಚ್ಚಿ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಹನಿ ಕಾಣುತ್ತದೆ, ಆಮೇಲೆ ಕಾಯಿ ಒಳಗಿನಿಂದ ಕೊಳೆಯುತ್ತದೆ. ಇಲ್ಲಿ ಒಂದು ತಪ್ಪು ಬಹಳ ಕಡೆ ನಡೆಯುತ್ತದೆ. ಮಾವಿನ ತೋಟಕ್ಕೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆಯನ್ನೇ ತಂದು ಕುಂಬಳದ ಹಂದರಕ್ಕೆ ಕಟ್ಟುತ್ತಾರೆ. ಮಾವಿನ ನೊಣ ಬೇರೆ, ಕುಂಬಳ, ಹೀರೆ, ಹಾಗಲಕಾಯಿಯ ನೊಣ ಬೇರೆ. ಇದಕ್ಕೆ ಬೇಕಾದದ್ದು ಕ್ಯೂ ಲೂರ್ ಎಂಬ ಆಮಿಷದ ಬಲೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಆದರೂ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ನಾಲ್ಕೈದು ಕಾಯಿಯ ಹಿತ್ತಲಿಗೆ ಇನ್ನೂ ಖಾತ್ರಿಯ ಉಪಾಯ ಎಂದರೆ ಕಾಯಿಗೆ ಚೀಲ ಕಟ್ಟುವುದು. ಹೂವು ಒಣಗಿದ ಮೂರನೆಯ ದಿನ ತೆಳು ಅರಿವೆಯ ಚೀಲ ಹಾಕಿ ತೊಟ್ಟಿನ ಹತ್ತಿರ ಸಡಿಲವಾಗಿ ಕಟ್ಟಿ. ಸಿಪ್ಪೆ ಗಟ್ಟಿಯಾಗುವವರೆಗೆ, ಸುಮಾರು ಮೂರು ವಾರ, ಹಾಗೇ ಇರಲಿ. ಚುಚ್ಚಿದ ಕಾಯಿಯನ್ನು ತಿಪ್ಪೆಗೆ ಎಸೆಯಬೇಡಿ. ಅದರೊಳಗಿನ ಹುಳ ಮಣ್ಣಿಗೆ ಇಳಿದು ಮತ್ತೆ ನೊಣವಾಗಿ ಬರುತ್ತದೆ. ಎರಡಡಿ ಆಳಕ್ಕೆ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗೆ ಇಡಿ.

ಎಲೆ ಮೇಲೆ ಬಿಳಿ ಪುಡಿ ಎರಚಿದಂತೆ ಕಂಡರೆ ಬೂದಿ ರೋಗ. ಮಳೆ ನಿಂತು ಚಳಿ ಬೀಳುವಾಗ ಬರುತ್ತದೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲು ಇರುವ ದಿನ ಸಿಂಪಡಿಸಿದರೆ ಹರಡುವುದು ತಗ್ಗುತ್ತದೆ. ಹೇನು, ಬಿಳಿ ನೊಣಕ್ಕೆ ಲೀಟರ್ ನೀರಿಗೆ 3-5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಈ ಸಿಂಪಡಣೆ ಸಂಜೆಯೇ ಆಗಬೇಕು. ಬೆಳಿಗ್ಗೆ ಜೇನು ಹೂವಿನಲ್ಲಿ ಇರುತ್ತವೆ. ಎಲೆ ಮುದುಡಿ, ಹಸಿರು ಹಳದಿ ಚಿತ್ತಾರ ಮೂಡಿದರೆ ನಂಜು ರೋಗ. ಅದಕ್ಕೆ ಔಷಧ ಇಲ್ಲ. ಆ ಬಳ್ಳಿ ಕಿತ್ತು ಸುಡಿ, ಪಕ್ಕದ ಬಳ್ಳಿಯಾದರೂ ಉಳಿಯುತ್ತದೆ.

ಸೆಪ್ಟೆಂಬರ್ ಮಳೆಗೆ ಮುಂಚೆ ನೆಲದ ಮೇಲಿನ ಪ್ರತಿ ಕಾಯಿಯ ಕೆಳಗೆ ಜೋಳದ ಕಣಕಿ ಹಾಸಿ, ನಾಲ್ಕು ಬೆರಳು ದಪ್ಪ. ಹಸಿ ಮಣ್ಣು ಮುಟ್ಟಿದ ಕಾಯಿ ತಳದಿಂದ ಕೊಳೆಯಲು ಒಂದು ವಾರ ಸಾಕು.

ಕೊಯ್ಯುವ ಹೊತ್ತು

ಎರಡನೆಯ ವರ್ಷ ನಾನು ಕಾಯಿ ದೊಡ್ಡದಾಯಿತು ಅಂತ ದಸರೆಗೆ ಮುಂಚೆಯೇ ಕೊಯ್ದೆ. ಸಿಪ್ಪೆ ಇನ್ನೂ ಹಸಿರು. ದೀಪಾವಳಿ ಹೊತ್ತಿಗೆ ಎರಡು ಕಾಯಿ ಮೆತ್ತಗಾಗಿ ನೀರು ಬಿಟ್ಟವು. ಗಾತ್ರ ನೋಡಿ ಕೊಯ್ಯಬಾರದು. ಕುಂಬಳ ಮೊದಲು ಗಾತ್ರ ಮುಗಿಸುತ್ತದೆ, ಆಮೇಲೆ ಒಳಗೆ ಬಲಿಯುತ್ತದೆ.

ಬಲಿತದ್ದಕ್ಕೆ ನಾಲ್ಕು ಗುರುತು. ಹೆಬ್ಬೆರಳಿನ ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ತೊಟ್ಟು ಹಸಿರು ಕಳೆದುಕೊಂಡು ಬೆಂಡಿನ ಹಾಗೆ ಒಣಗಿರಬೇಕು. ಸಿಪ್ಪೆಯ ಹೊಳಪು ಹೋಗಿ ಮಂಕಾಗಿರಬೇಕು. ನೆಲಕ್ಕೆ ತಾಗಿದ ಭಾಗ ಗಾಢ ಹಳದಿ ಆಗಿರಬೇಕು. ಬಟರ್‌ನಟ್ ಆದರೆ ತೊಟ್ಟಿನ ಹತ್ತಿರದ ಹಸಿರು ಗೆರೆಗಳು ಪೂರ್ತಿ ಅಳಿಸಿ ಮೈಯೆಲ್ಲ ಗೋಧಿ ಬಣ್ಣಕ್ಕೆ ಬಂದಿರಬೇಕು.

ಎರಡು ಮೂರು ದಿನ ಮಳೆ ಇಲ್ಲದ್ದು ನೋಡಿ ಕೊಯ್ಯಿರಿ. ಎರಡು ಮೂರು ಅಂಗುಲ ತೊಟ್ಟು ಕಾಯಿಗೆ ಉಳಿಯುವಂತೆ ಕತ್ತರಿಸಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ತೊಟ್ಟು ಹಿಡಿದು ಎತ್ತಲೂಬಾರದು, ಕೆಳಗೆ ಕೈ ಕೊಟ್ಟು ಎತ್ತಿ. ತೊಟ್ಟು ಮುರಿದದ್ದು, ಗಾಯವಾದದ್ದು ಇದ್ದರೆ ಮೊದಲು ಅವನ್ನೇ ಅಡಿಗೆಗೆ ಬಳಸಿ.

ಉಳಿದವನ್ನು ಹತ್ತರಿಂದ ಹದಿನಾಲ್ಕು ದಿನ ಗಾಳಿಯಾಡುವ ನೆರಳಲ್ಲಿ ಆರಲು ಬಿಡಿ. ನಮ್ಮ ಪಡಸಾಲೆಯ ಅಕ್ಟೋಬರ್ ತಿಂಗಳ ಬೆಚ್ಚಗಿನ ಹವೆ ಇದಕ್ಕೆ ಸರಿಯಾಗಿದೆ. ಈ ದಿನಗಳಲ್ಲಿ ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ, ಗೀರುಗಳು ಮಾಯುತ್ತವೆ. ಮುಂದಿನ ವಾರಗಳಲ್ಲಿ ಒಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಕೊಯ್ದ ದಿನ ತಿಂದ ಕುಂಬಳಕ್ಕೂ ತಿಂಗಳು ಬಿಟ್ಟು ತಿಂದ ಕುಂಬಳಕ್ಕೂ ರುಚಿಯಲ್ಲಿ ಅಜಗಜಾಂತರ.

ಆಮೇಲೆ ತಂಪಾದ, ಒಣ, ಕತ್ತಲ ಕೋಣೆಯಲ್ಲಿ ಹಲಗೆ ಮೇಲೆ ಇಡಿ. ಬರೀ ನೆಲದ ಮೇಲೆ ಬೇಡ, ಫ್ರಿಜ್ ಬೇಡ. ಅವ್ವ ಹಳೆಯ ಅರಿವೆ ಸುತ್ತಿ ಸಿಂಬಿ ಮಾಡಿ, ಒಂದೊಂದು ಸಿಂಬಿ ಮೇಲೆ ಒಂದೊಂದು ಕಾಯಿ ಕೂರಿಸುತ್ತಾಳೆ. ಒಂದಕ್ಕೊಂದು ತಾಗುವುದಿಲ್ಲ, ಕೆಳಗೂ ಗಾಳಿ ಆಡುತ್ತದೆ. ಹದಿನೈದು ದಿನಕ್ಕೊಮ್ಮೆ ಎತ್ತಿ ತಳ ನೋಡಿ. ಮೆತ್ತಗಾದದ್ದು ಕಂಡರೆ ಕೂಡಲೇ ತೆಗೆಯಿರಿ. ಹೀಗೆ ಇಟ್ಟ ಕಾಯಿ ನಮ್ಮ ಮನೆಯಲ್ಲಿ ಮೂರು ತಿಂಗಳು ಚೆನ್ನಾಗಿ ಉಳಿದಿದೆ.

ಕತ್ತರಿಸಿದಾಗ ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡುವ ರೂಢಿ ಇಟ್ಟುಕೊಳ್ಳಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿ ಬಿಸಾಕಿ. ಬೇಯಿಸಿದರೂ ಆ ಕಹಿ ಹೋಗುವುದಿಲ್ಲ, ಹೊಟ್ಟೆಗೆ ವಿಷ.

ಮುಂದಿನ ಮಿರ್ಗದ ಬೀಜ

ಹೈಬ್ರಿಡ್ ತಳಿಯ ಬೀಜ ಇಡಬೇಡಿ, ತಾಯಿಯಂತೆ ಬರುವುದಿಲ್ಲ. ನಾಟಿ ತಳಿ, ಅರ್ಕಾ ತಳಿ, ಬಟರ್‌ನಟ್‌ನ ಸಾದಾ ತಳಿ ಇಡಬಹುದು. ಆದರೆ ಜೇನು ಪಕ್ಕದ ಮನೆಯ ಕುಂಬಳದ ಪರಾಗ ತಂದಿದ್ದರೆ ಬೀಜ ಬೆರಕೆಯಾಗುತ್ತದೆ. ಅದಕ್ಕೆ ಬೀಜಕ್ಕೆಂದು ಒಂದು ಕಾಯಿ ಬೇರೆಯೇ ಮಾಡಬೇಕು. ಅರಳುವ ಹಿಂದಿನ ಸಂಜೆ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗುಗಳ ತುದಿಯನ್ನು ದಾರದಿಂದ ಕಟ್ಟಿ. ಬೆಳಿಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವಿನ ಬಾಯಿ ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಕೆಂಪು ದಾರ ಸುತ್ತಿ ಗುರುತು ಇಡಿ.

ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಕತ್ತರಿಸುವುದು ಈ ಕೆಂಪು ದಾರದ ಕಾಯಿಯನ್ನೇ. ಕೊಯ್ದ ಮೇಲೆ ಎರಡು ತಿಂಗಳು ಕಾಯಿಯೊಳಗೇ ಇದ್ದ ಬೀಜ ತುಂಬಿ ದಪ್ಪವಾಗಿರುತ್ತದೆ. ಗುಜ್ಜು ತೊಳೆದು, ನೀರಿನಲ್ಲಿ ತೇಲಿದ ಜೊಳ್ಳು ತೆಗೆದು, ಉಳಿದದ್ದನ್ನು ಮೊರದಲ್ಲಿ ಹರಡಿ ವಾರ ಹತ್ತು ದಿನ ನೆರಳಲ್ಲಿ ಒಣಗಿಸಿ. ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ದಪ್ಪನೆಯ ನಲವತ್ತು ಬೀಜ ಆರಿಸಿ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಳಿಯ ಹೆಸರು, ವರ್ಷ ಬರೆದು, ಒಣ ಬೇವಿನ ಎಲೆ ಹಾಕಿದ ಡಬ್ಬಿಯಲ್ಲಿ ಇಡಿ. ನಾಲ್ಕು ವರ್ಷ ಮೊಳೆಯುತ್ತವೆ. ಮಿಕ್ಕ ಬೀಜವನ್ನು ಉಪ್ಪು ನೀರು ಚಿಮುಕಿಸಿ ಹುರಿದರೆ ಹೊಲಕ್ಕೆ ಹೋಗುವಾಗ ಮಕ್ಕಳ ಕಿಸೆಗೆ ಆಗುತ್ತದೆ.